ಅವ್ವನ ದನಿ, ಮಗ್ಗದ ಸದ್ದು

ಸ್ಮರಣ ಸಂಚಿಕೆಗೆ ಏನಾದರೂ ಬರೆಯಬೇಕೆಂದು ಗುರುಗಳು ಆದೇಶಿಸಿದಾಗ, ಲೇಖಕನಲ್ಲದ ನಾನು ಹಿಂಜರಿದೆ. ಕೊನೆಗೆ, ಹಳೆಯ ಧ್ವನಿಸುರುಳಿಯೊಂದು ನನಗೆ ಕಲಿಸಿದ ಪಾಠವನ್ನೇ ಓದುಗರ ಮುಂದಿಡಲು ಮನಸ್ಸು ಮಾಡಿದೆ.

1984ರ ಮಾತು. ಸೋದರಮಾವ ಜಮಖಂಡಿಯಿಂದ ಟೇಪ್‌ರೆಕಾರ್ಡರ್ ತಂದಿದ್ದರು. ಬನಹಟ್ಟಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವನನ್ನು ಕೂಡಿಸಿ, ಬೀಸುವ ಕಲ್ಲಿನ ಪದಗಳನ್ನು ಹಾಡಿಸಿ ಮುದ್ರಿಸಿಕೊಂಡರು. ಪಕ್ಕದ ಕೋಣೆಯಲ್ಲಿ ಅಪ್ಪ ವಿದ್ಯುತ್ ಮಗ್ಗ ನಡೆಸುತ್ತಿದ್ದ. ಸೀರೆ ಆ ದಿನವೇ ಮುಗಿಯಬೇಕಿದ್ದುದರಿಂದ ಮಗ್ಗ ನಿಲ್ಲಲಿಲ್ಲ. ಬೀಳಗಿಯ ಅಮೀರಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದವರು. ಅಂಥವರ ಕಂಠಕ್ಕೆ ಸ್ಟುಡಿಯೋ ಇತ್ತು. ಅವ್ವನ ಕಂಠಕ್ಕೆ ಮಗ್ಗದ ಮನೆಯೇ ಸ್ಟುಡಿಯೋ.

ಈಗ ಇಬ್ಬರೂ ಇಲ್ಲ. ಅವ್ವನ ಪುಣ್ಯಸ್ಮರಣೆಯ ದಿನ ಆ ಹಾಡನ್ನು ಕೇಳಿಸಬೇಕೆಂದು ಸುರುಳಿಯನ್ನು ಗಣಕಯಂತ್ರಕ್ಕೆ ಇಳಿಸಿಕೊಂಡೆ. ‘ಆಡಾಸಿಟಿ’ ಎಂಬ ತಂತ್ರಾಂಶದಲ್ಲಿ ಧ್ವನಿಯನ್ನು ಸೋಸುವ ವಕ್ರರೇಖೆಯೊಂದುಂಟು. ಅಡ್ಡಸಾಲಿನಲ್ಲಿ ಕಂಪನಗಳ ಸಂಖ್ಯೆ, ಲಂಬಸಾಲಿನಲ್ಲಿ ಡೆಸಿಬೆಲ್. ರೇಖೆಯ ಮೇಲೆ ಬಿಂದುವನ್ನಿಟ್ಟು ಕೆಳಗೆಳೆದರೆ ಆ ಭಾಗದ ಧ್ವನಿ ಕುಗ್ಗುತ್ತದೆ, ಮೇಲೆಳೆದರೆ ಹಿಗ್ಗುತ್ತದೆ. 6 ಡೆಸಿಬೆಲ್ ಇಳಿಸಿದರೆ ಅಲೆಯ ಎತ್ತರ ಸುಮಾರು ಅರ್ಧವಾಗುತ್ತದೆ.

ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಅದರ ಗುಂಯ್‌ಗುಡುವಿಕೆ 50, 100, 150ರಲ್ಲಿ ಕುಳಿತಿರುತ್ತದೆ. ಅಲ್ಲಲ್ಲಿ ಕಿರಿದಾದ ತಗ್ಗು ತೋಡಿದೆ, ಅದು ಅಡಗಿತು. ಹುರುಪಿನಿಂದ ಮಗ್ಗದ ಸದ್ದಿಗೂ ಕೈಹಾಕಿದೆ. ಆದರೆ ಲಾಳಿಯ ಹೊಡೆತ ಒಂದು ಸ್ಥಾನದಲ್ಲಿ ನಿಲ್ಲುವಂಥದಲ್ಲ. ಕೆಳಗಿನ ದಡಬಡದಿಂದ ಮೇಲಿನ ಕಟಕಟದವರೆಗೆ ಹರಡಿಕೊಂಡಿರುತ್ತದೆ. 200ರ ಆಸುಪಾಸಿನಲ್ಲಿ ಇಳಿಸಿದರೆ ಅವ್ವನ ದನಿಯ ತುಂಬು ಹೋಗುತ್ತದೆ. 4000ದ ಮೇಲೆ ಇಳಿಸಿದರೆ ಸ, ಶ ಅಕ್ಷರಗಳು ಮಸುಕಾಗುತ್ತವೆ. ಮೂರು ರಾತ್ರಿ ಹೆಣಗಿ ಮಗ್ಗವನ್ನು ಬಹುಪಾಲು ಅಡಗಿಸಿದೆ. ಗೆದ್ದೆನೆಂದು ಬೀಗಿದೆ.

ಮುಧೋಳದಲ್ಲಿರುವ ಅಕ್ಕನಿಗೆ ಮೊದಲು ಕೇಳಿಸಿದೆ. ಆಕೆ ಕಣ್ಮುಚ್ಚಿ ಆಲಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: “ತಮ್ಮಾ, ಅವ್ವ ಬಾವಿಯೊಳಗ ಕುಂತು ಹಾಡಿದಂಗ ಅದನೋ. ಮಗ್ಗ ಎಲ್ಲಿ ಹೋತು? ಅಪ್ಪನ್ನ ಯಾಕ ಹೊರಗ ಹಾಕಿದಿ?”

ನನಗೆ ಉತ್ತರ ಹೊಳೆಯಲಿಲ್ಲ. ಊರಿಗೆ ಮರಳಿ ಮೂಲ ಪ್ರತಿಯನ್ನು ಮತ್ತೆ ಕೇಳಿದೆ. ಅವ್ವ ಮಗ್ಗದ ಲಯಕ್ಕೆ ತಾಳ ಹೊಂದಿಸಿಕೊಂಡೇ ಹಾಡಿದ್ದಳು! ನಾನು ಕಸವೆಂದು ಗುಡಿಸಿದ್ದು ಅವಳಿಗೆ ಪಕ್ಕವಾದ್ಯವಾಗಿತ್ತು. ನನ್ನ ಶಾಲೆಯ ಶುಲ್ಕ ಕಟ್ಟಿದ್ದೂ ಆ ಸದ್ದೇ ಅಲ್ಲವೇ? ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನು ಮಾತ್ರ ತೆಗೆದು, ಉಳಿದ ರೇಖೆಯನ್ನು ಸಮತಟ್ಟಾಗಿ ಬಿಟ್ಟೆ. ಪುಣ್ಯಸ್ಮರಣೆಯ ದಿನ ಅವ್ವ ಹಾಡಿದಳು, ಅಪ್ಪ ನೇಯ್ದ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸಹಪಾಠಿಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಗಳಲ್ಲಿ ಹಿರಿಯರ ಧ್ವನಿಸುರುಳಿಗಳಿದ್ದರೆ ಅವು ಸವೆಯುವ ಮುನ್ನ ಗಣಕಕ್ಕೆ ಇಳಿಸಿರಿ. ಸೋಸುವುದಿದ್ದರೆ ನಕಲನ್ನು ಸೋಸಿರಿ, ಮೂಲವನ್ನು ಮುಟ್ಟದಿರಿ. ಯಾವುದು ಸದ್ದು, ಯಾವುದು ಸಂಗೀತ ಎಂಬ ತೀರ್ಮಾನವನ್ನು ಒಬ್ಬರೇ ಮಾಡದೆ, ಮನೆಯ ಅಕ್ಕತಂಗಿಯರನ್ನೂ ಒಮ್ಮೆ ಕೇಳಿರಿ.