ನೀರಿನ ಪಾಲಿನ ನೆಲ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಅವರ ಕಾಲದಲ್ಲಿ ಬೆಂಗಳೂರಿನ ರಾಜಕಾಲುವೆಗಳ ಬದಿಯಲ್ಲಿ ನಿವೇಶನಗಳ ವ್ಯಾಪಾರ ನಡೆದಿದ್ದರೆ ಆ ಗಾದೆಗೆ ಇನ್ನೊಂದು ಮಾತು ಕೂಡಿಕೊಳ್ಳುತ್ತಿತ್ತೋ ಏನೋ. ಮದುವೆಯ ಸಾಲ ಎಂದಾದರೊಂದು ದಿನ ತೀರುತ್ತದೆ. ನೀರಿನೊಡನೆ ಹೂಡಿದ ವ್ಯಾಜ್ಯ ಮಕ್ಕಳ ಕಾಲಕ್ಕೂ ತೀರುವುದಿಲ್ಲ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿ, ದಿಣ್ಣೆಯ ಮೇಲೆ ಕುಳಿತ ಊರು. ಪಕ್ಕದಲ್ಲಿ ಹರಿಯುವ ಮಹಾನದಿಯಿಲ್ಲ. ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಮೊದಲಾದ ಕಣಿವೆಗಳನ್ನು ಹಿಡಿದು ಇಳಿಯುತ್ತದೆ. ಇಳಿದು ಹೋಗುವ ಈ ನೀರನ್ನೇ ಹಿಂದಿನವರು ಕೆರೆಗಳ ಸಾಲು ಕಟ್ಟಿ ಹಿಡಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಯ ಪಾಲು. ಕೆರೆಯಿಂದ ಕೆರೆಗೆ ನೀರು ನಡೆಯುವ ಹಾದಿಯೇ ರಾಜಕಾಲುವೆ. ಊರ ನೀರುಗಂಟಿ ತೂಬನ್ನು ಕಾಯುತ್ತಿದ್ದ; ಕಾಲುವೆಯ ದಡವನ್ನು ಯಾರೂ ಕಾಯಬೇಕಾಗಿರಲಿಲ್ಲ. ನೀರಿಗೂ ನೆಲದಲ್ಲಿ ಒಂದು ಪಾಲುಂಟೆಂಬುದು ಎಲ್ಲರಿಗೂ ತಿಳಿದಿದ್ದ ವಿಷಯವಾಗಿತ್ತು.

ಕೆರೆಗಳು ಕಣ್ಮರೆಯಾದಂತೆ ಆ ತಿಳಿವೂ ಮರೆಯಾಯಿತು. ಧರ್ಮಾಂಬುಧಿ ಕೆರೆಯಿದ್ದೆಡೆ ಬಸ್ ನಿಲ್ದಾಣ ಬಂದಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಕ್ರೀಡಾಂಗಣ ಎದ್ದಿತು. ಕೆರೆಯ ಗತಿಯೇ ಹೀಗಾದ ಮೇಲೆ ಕಾಲುವೆಯನ್ನು ಕೇಳುವವರಾರು? ನಿವೃತ್ತಿಯ ಹಣವನ್ನು ಹಿಡಿದು ಬಂದ ಗೃಹಸ್ಥನಿಗೆ ದಲ್ಲಾಳಿ ಚೈತ್ರಮಾಸದ ಬಿಸಿಲಿನಲ್ಲಿ ನಿವೇಶನವನ್ನು ತೋರಿಸುತ್ತಾನೆ. "ಅದೊಂದು ಚರಂಡಿ ಸ್ವಾಮಿ, ನಾಯಿಯ ಬಾಯಾರಿಕೆಗೂ ಅದರಲ್ಲಿ ನೀರಿರುವುದಿಲ್ಲ" ಎನ್ನುತ್ತಾನೆ. ಅವನ ಮಾತು ಸುಳ್ಳಲ್ಲ. ಚೈತ್ರದ ಮಟ್ಟಿಗೆ ಅದು ನಿಜ. ಆಶ್ವಯುಜದ ಮಾತನ್ನು ಗೃಹಸ್ಥ ಕೇಳುವುದಿಲ್ಲ, ದಲ್ಲಾಳಿ ಹೇಳುವುದಿಲ್ಲ.

ಕಾಲುವೆಯ ಬದಿಯ ನೆಲ ನೋಡುವುದಕ್ಕೆ ಬರಿದು. ಆದರೆ ಅದು ಸುಮ್ಮನೆ ಬಿದ್ದ ನೆಲವಲ್ಲ. ಹೊಂಗೆಯ ಬೇರು ದಡದ ಮಣ್ಣನ್ನು ಬಿಗಿದು ಹಿಡಿಯುತ್ತದೆ. ಹುಲ್ಲು, ಜೊಂಡುಗಳು ಓಡುವ ನೀರಿನ ವೇಗವನ್ನು ಮುರಿದು, ಹೂಳನ್ನೂ ಕೊಳೆಯನ್ನೂ ತಡೆಯುತ್ತವೆ. ಒಂದಿಷ್ಟು ನೀರು ಅಲ್ಲಿಯೇ ಇಂಗಿ ಬಾವಿಗಳಿಗೆ ಆಸರೆಯಾಗುತ್ತದೆ. ದೊಡ್ಡ ಮಳೆ ಬಂದ ದಿನ ನೀರು ಮೈಚಾಚಿ ಮಲಗುವುದಕ್ಕೆ ಅದೇ ಹಾಸಿಗೆ. ಆ ಹಾಸಿಗೆಯನ್ನು ಕಿತ್ತು ಎರಡು ಬದಿಗೂ ಗೋಡೆಯೆಬ್ಬಿಸಿದರೆ ನೀರು ಮಲಗುವುದು ಮನೆಯ ನಡುಮನೆಯಲ್ಲಿ. ಅದೂ ಗೋಡೆ ಕಟ್ಟಿದವನ ಮನೆಯಲ್ಲೇ ಎಂಬ ನಿಯಮವಿಲ್ಲ. ಕೆಳಗಿನ ಬಡಾವಣೆಯ ಬಡವನ ಗುಡಿಸಲಲ್ಲೂ ಇರಬಹುದು.

ಈ ತಿಳಿವಳಿಕೆಯೇ ಮುಂದೆ ಕಾಯಿದೆಯ ರೂಪವನ್ನು ತಾಳಿತು. 2007ರಲ್ಲಿ ಒಪ್ಪಿಗೆ ಪಡೆದ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆಯು ಕಾಲುವೆಗಳನ್ನು ಮೂರು ದರ್ಜೆಯಾಗಿ ವಿಂಗಡಿಸಿ, ಇಕ್ಕೆಲಗಳಲ್ಲಿ ಕ್ರಮವಾಗಿ 50, 25, 15 ಮೀಟರುಗಳ ಮೀಸಲು ವಲಯವನ್ನು ಗೊತ್ತುಮಾಡಿತು. ಜನ ಇದನ್ನು 'ಬಫರ್' ಎಂದು ಕರೆಯುತ್ತಾರೆ. ಅಳತೆ ಕಾಲುವೆಯ ನಡುವಿನಿಂದ. ಯೋಜನೆಯ ನಕ್ಷೆಯಲ್ಲಿ ಕೈತಪ್ಪಿನಿಂದ ಕಾಲುವೆ ಬಿಟ್ಟುಹೋಗಿದ್ದರೂ, ಕಂದಾಯದ ದಾಖಲೆಯಲ್ಲಿ ಅದು ಇದ್ದರೆ ನೆಲ ಬಿಡಲೇಬೇಕೆಂದೂ ವಿಧಿಸಿತು. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಈ ಅಳತೆಯನ್ನು 50, 35, 25 ಮೀಟರುಗಳಿಗೆ ಏರಿಸಿ, ಕಾಲುವೆಯ ಅಂಚಿನಿಂದ ಅಳೆಯಬೇಕೆಂದಿತು. ಶಾಸನಬದ್ಧವಾದ ಮಹಾಯೋಜನೆಯನ್ನು ತಿದ್ದುವ ಅಧಿಕಾರ ಮಂಡಳಿಗಿಲ್ಲವೆಂದು 2019ರ ಮಾರ್ಚ್ 5ರಂದು ಸರ್ವೋಚ್ಚ ನ್ಯಾಯಾಲಯ ಆ ಆಜ್ಞೆಯನ್ನು ರದ್ದುಮಾಡಿತು. ಹಳೆಯ ಅಳತೆಯೇ ಮತ್ತೆ ನಿಂತಿತು.

ನಡುವಿನಿಂದ ಅಳೆಯುವುದೋ ಅಂಚಿನಿಂದ ಅಳೆಯುವುದೋ ಎಂಬುದು ಅಲ್ಪವಿಷಯವೆಂದು ತೋರಬಹುದು. ಐವತ್ತು ಮೀಟರೆಂದರೆ 164 ಅಡಿ. ನಲವತ್ತು ಅಡಿ ಉದ್ದದ ನಾಲ್ಕು ನಿವೇಶನಗಳನ್ನು ಸಾಲಾಗಿ ಇಡಬಹುದಾದಷ್ಟು ಅಂತರ. ಅಳತೆಯ ದಾರ ಒಂದಿಷ್ಟು ಅತ್ತ ಸರಿದರೆ ಒಬ್ಬನಿಗೆ ಮನೆ, ಇತ್ತ ಸರಿದರೆ ಇನ್ನೊಬ್ಬನಿಗೆ ಮಣ್ಣು. ಪೈಪೋಟಿಯೆಲ್ಲ ಆ ದಾರದ ತುದಿಯಲ್ಲಿದೆ.

2016ರ ಆಗಸ್ಟಿನಲ್ಲಿ ಕಾಲುವೆಯ ಒತ್ತುವರಿ ತೆರವಿಗೆಂದು ಯಂತ್ರಗಳು ಬಂದಾಗ ಉರುಳಿದ ಮನೆಗಳ ಎದುರು ಕೆಲವರು ನೋಂದಣಿಯ ಪತ್ರವನ್ನೂ ಕಂದಾಯದ ರಸೀತಿಯನ್ನೂ ಹಿಡಿದು ನಿಂತಿದ್ದರು. ಮಾರಿದವರು ಅಲ್ಲಿರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಮಳೆ ಬಂದಾಗ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ದೋಣಿ, ಟ್ರ್ಯಾಕ್ಟರುಗಳು ಜನರನ್ನು ಹೊತ್ತವು. ಸಿರಿವಂತರ ಬಂಗಲೆಗಳಿಗೂ ನೀರು ಹೊಕ್ಕಿತು. ನೀರಿಗೆ ಪತ್ರ, ರಸೀತಿಗಳ ಹಂಗಿಲ್ಲ.

ಆದ್ದರಿಂದ ಮೀಸಲು ವಲಯವು ಕಾಗದದಲ್ಲಿ ಮಾತ್ರ ಇರುವುದು ಅರ್ಧ ನ್ಯಾಯ. ಬಡಾವಣೆ ಬರುವ ಮೊದಲು ಯಾರೂ ಓದದ ನಿಯಮವನ್ನು ಮನೆ ಎದ್ದ ಮೇಲೆ ಗಟ್ಟಿಯಾಗಿ ಓದಿದರೆ, ಪೆಟ್ಟು ಬೀಳುವುದು ಕೊನೆಯಲ್ಲಿ ಕೊಂಡವನ ಮೇಲೆ. ಹಿಂದೆ ಹೊಲದೆಲ್ಲೆಗೆ ಬಾಂದುಕಲ್ಲು ನೆಡುತ್ತಿದ್ದರು. ಓದು ಬಾರದ ರೈತನೂ ಅದನ್ನು ಕಂಡು ನೇಗಿಲನ್ನು ತಿರುಗಿಸುತ್ತಿದ್ದ. ಕಾಲುವೆಯ ಎರಡು ಬದಿಗೂ ಅಂತಹ ಕಲ್ಲುಗಳು ನಿಂತು, ನಡುವೆ ನಾಲ್ಕು ಹೊಂಗೆಯ ಮರಗಳು ಬೆಳೆದರೆ ನಿಯಮ ಎಲ್ಲರ ಕಣ್ಣಿಗೂ ಬೀಳುತ್ತದೆ. ಆಗ ಮುಂಗಡ ಕೊಡುವ ಮುನ್ನ ಗೃಹಸ್ಥನ ಹೆಂಡತಿಯೇ ಕಲ್ಲನ್ನು ತೋರಿಸಿ, "ಇದು ನಮ್ಮದಾಗುವ ನೆಲವಲ್ಲ, ಮನೆಗೆ ನಡೆಯಿರಿ" ಎಂದಾಳು.