ಒಂದು ಪ್ರಶ್ನೆಗೆ ತಡವಾದ ಉತ್ತರ

1975ರ ಆಗಸ್ಟ್ 1ರಂದು ‘ಸೈಟ್’ ಎಂಬ ದೂರದರ್ಶನ ಶಿಕ್ಷಣ ಪ್ರಯೋಗ ಆರಂಭವಾದಾಗ ನಾನು ರಾಯಚೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಹೊಸ ಮಾಸ್ತರ. ಅಮೆರಿಕದ ನಾಸಾ ಸಂಸ್ಥೆಯು ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಎರವಲು ಕೊಟ್ಟಿತ್ತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ನಮ್ಮದೂ ಒಂದು. ಕೋಳಿಗೂಡಿನ ತಂತಿಬಲೆಯಂಥದ್ದರಿಂದ ಮಾಡಿದ, ಮೂರು ಮೀಟರ್ ಅಗಲದ ಆಂಟೆನಾ ಶಾಲೆಯ ಬಳಿ ನಿಂತಿತು. ಬೆಳಿಗ್ಗೆ ಮಕ್ಕಳಿಗೆ ಪಾಠ. ಸಂಜೆ ಊರವರಿಗೆ ಕೃಷಿ, ಆರೋಗ್ಯದ ಕಾರ್ಯಕ್ರಮ.

ಒಂದು ದಿನ ಐದನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಸರ, ಅದು ಮ್ಯಾಲ ಹ್ಯಾಂಗ ನಿಂತದ? ಬೀಳಂಗಿಲ್ಲೇನ್ರಿ?” ನನಗೆ ಉತ್ತರ ಗೊತ್ತಿರಲಿಲ್ಲ. ಅದನ್ನು ಮುಚ್ಚಿಕೊಳ್ಳಲು ಗದರಿ ಕೂರಿಸಿದೆ. ಆಕೆ ಮತ್ತೆಂದೂ ಪ್ರಶ್ನೆ ಕೇಳಲಿಲ್ಲ. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು, ಪೆಟ್ಟಿಗೆಯೂ ಮೌನವಾಯಿತು.

2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕಾಗಿಯೇ ರೂಪಿಸಿದ ಎಜುಸ್ಯಾಟ್ ಉಪಗ್ರಹ ಶ್ರೀಹರಿಕೋಟಾದಿಂದ ಹಾರಿತು. ಅದರ ಮೂಲಕ ವಿದ್ಯಾರ್ಥಿಗಳು ದೂರದ ಅಧ್ಯಾಪಕರನ್ನು ಪ್ರಶ್ನಿಸಲೂಬಹುದೆಂದು ಓದಿದಾಗ ಆ ಹುಡುಗಿಯ ಮುಖ ನೆನಪಾಯಿತು. ಅಂದಿನ ಪೆಟ್ಟಿಗೆಗೆ ಕಿವಿಯಿರಲಿಲ್ಲ. ಕಿವಿಯಿದ್ದ ನಾನೂ ಕೇಳಿಸಿಕೊಳ್ಳಲಿಲ್ಲ.

ತಾಯಿ, ನೀನೆಲ್ಲಿದ್ದರೂ ನನ್ನನ್ನು ಕ್ಷಮಿಸು. ನಿನ್ನ ಪ್ರಶ್ನೆಗೆ ಉತ್ತರ ಇದು: ಉಪಗ್ರಹ ಸದಾ ಭೂಮಿಯತ್ತ ಬೀಳುತ್ತಲೇ ಇರುತ್ತದೆ. ಮುಂದಕ್ಕೆ ಧಾವಿಸುವ ವೇಗದಿಂದಾಗಿ ನೆಲ ಮುಟ್ಟದೆ ಸುತ್ತುತ್ತದೆ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಅದರ ಸುತ್ತು ಭೂಮಿಯ ತಿರುಗುವಿಕೆಗೆ ಸರಿಹೊಂದುವುದರಿಂದ ನಮಗೆ ನಿಂತಂತೆ ಕಾಣುತ್ತದೆ.