ದೀಪ ಯಾರ ದಾರಿಗೆ?

ದೀಪ ಕಡಿಮೆ ಮಾಡಿ ಎಂಬ ಮಾತು ನಮ್ಮ ನಾಗನೂರ ಕಡೆಯವರಿಗೆ ಸುಲಭವಾಗಿ ರುಚಿಸುವುದಿಲ್ಲ. ಗೋಕಾಕ ಜಲಪಾತದ ನೀರು ಹತ್ತೊಂಬತ್ತನೆಯ ಶತಮಾನದಲ್ಲೇ ಗಿರಣಿಯ ಚಕ್ರ ತಿರುಗಿಸಿದ್ದು ನಿಜ. ಆದರೆ ನಾವು ಚಿಕ್ಕಂದಿನಲ್ಲಿ ಓದಿದ್ದು ಕಂದೀಲಿನ ಬೆಳಕಿನಲ್ಲಿ. ಕಬ್ಬಿಗೆ ನೀರು ಬಿಡಲು ರಾತ್ರಿಯ ಕರೆಂಟು ಕಾದು, ಬ್ಯಾಟರಿ ಹಿಡಿದು ಹೊಲಕ್ಕೆ ನಡೆಯುವವರಿಗೆ ಹಾವು, ಚೇಳಿನ ಭಯ ಗೊತ್ತು. ಅಂಥವರಿಗೆ ಕಂಬದ ದೀಪವೆಂದರೆ ಒಂದು ಧೈರ್ಯ.

ಹಾಗಿದ್ದೂ ಕರಾವಳಿಯ ದಂಡೆಗಳಲ್ಲಿ ದೀಪ ಕಡಿಮೆಯಾಗಬೇಕೆಂದು ನಾವು ಹೇಳುತ್ತೇವೆ. ಒಂದು ಡಿಸೆಂಬರಿನಲ್ಲಿ ಮನೆಮಂದಿಯೆಲ್ಲ ಕಡಲು ನೋಡಲು ಹೋಗಿದ್ದೆವು. ಉಳಿದುಕೊಂಡ ಹೋಟೆಲಿನ ಫ್ಲಡ್‌ಲೈಟುಗಳು ರಾತ್ರಿಯಿಡೀ ಮರಳಿನತ್ತ ಮುಖ ಮಾಡಿ ಉರಿದವು. ಕಡಲು ಕಾಣಲಿ ಎಂದು ಹಾಕಿದ್ದಂತೆ. ನಮಗೆ ಕಂಡದ್ದು ನೊರೆಯ ಒಂದು ಗೆರೆ ಮಾತ್ರ. ನಮ್ಮ ಹೊಲದಿಂದ ಕಾಣುವಷ್ಟು ಚುಕ್ಕಿಗಳೂ ಅಲ್ಲಿ ಕಾಣಲಿಲ್ಲ.

ಚುಕ್ಕಿ ಕಾಣದಿದ್ದರೆ ನಮಗೇನೂ ನಷ್ಟವಿಲ್ಲ. ನಷ್ಟವಾಗುವುದು ಕಡಲಾಮೆಗೆ. ಹೊನ್ನಾವರದ ಕಾಸರಕೋಡು, ಕುಂದಾಪುರದ ಕೋಡಿಯಂಥ ದಂಡೆಗಳಿಗೆ ಆಲಿವ್ ರಿಡ್ಲಿ ಆಮೆಗಳು ಚಳಿಗಾಲದ ರಾತ್ರಿಗಳಲ್ಲಿ ಬರುತ್ತವೆ. ಮರಳು ತೋಡಿ ಸುಮಾರು ನೂರು ಮೊಟ್ಟೆಯಿಟ್ಟು, ಗುಳಿ ಮುಚ್ಚಿ ಕಡಲಿಗೆ ಮರಳುತ್ತವೆ. ಒಂದೂವರೆಯಿಂದ ಎರಡು ತಿಂಗಳೊಳಗೆ ಮರಿಗಳು ಹೊರಬರುತ್ತವೆ, ಹೆಚ್ಚಾಗಿ ರಾತ್ರಿ ಹೊತ್ತು. ದಾರಿ ತೋರಿಸಲು ತಾಯಿ ಇರುವುದಿಲ್ಲ. ಹೆಚ್ಚು ಬೆಳಕಿರುವ ಕಡೆ ತೆವಳಬೇಕೆಂಬುದೊಂದೇ ಅವಕ್ಕೆ ಹುಟ್ಟಿನಿಂದ ಬಂದ ತಿಳಿವಳಿಕೆ. ಗಿಡಗಂಟಿಗಳ ಕಪ್ಪು ದಂಡೆಗಿಂತ ಚುಕ್ಕಿ ಚಂದ್ರರ ಬೆಳಕು ಬಿದ್ದ ನೀರು ಬೆಳ್ಳಗಿರುತ್ತದೆ. ಎಷ್ಟೋ ಯುಗ ಈ ಲೆಕ್ಕ ತಪ್ಪಲಿಲ್ಲ. ಈಗ ದಂಡೆಯ ಮೇಲೆಯೇ ದೀಪ ನೆಟ್ಟಿದ್ದೇವೆ. ಮರಿಗಳು ಹೋಟೆಲಿನತ್ತ, ರಸ್ತೆಯತ್ತ ತಿರುಗುತ್ತವೆ. ನಾಯಿ, ಕಾಗೆ, ವಾಹನ, ಬಿಸಿಲು ಉಳಿದ ಕೆಲಸ ಮುಗಿಸುತ್ತವೆ. ಬೆಳಕು ಕಂಡು ಮೊಟ್ಟೆಯಿಡದೆ ಹಿಂದಿರುಗುವ ತಾಯಿ ಆಮೆಗಳೂ ಉಂಟು.

ಉರ್ದು ಓದಿದ ನಮಗೆ ಶಮಾ, ಪರ್ವಾನಾ ಹೊಸಬರಲ್ಲ. ದೀಪಕ್ಕೆ ಮುತ್ತಿ ಸುಡುವ ಹುಳುವನ್ನು ಗಜಲ್ ಪ್ರೇಮಿಯೆಂದು ಕೊಂಡಾಡುತ್ತದೆ. ಆದರೆ ಆಮೆಮರಿಗೆ ದೀಪದ ಮೇಲೆ ಯಾವ ಪ್ರೇಮವೂ ಇಲ್ಲ. ಅದು ಕಡಲನ್ನು ಹುಡುಕುತ್ತಾ ನಮ್ಮ ದೀಪಕ್ಕೆ ಮೋಸಹೋಗುತ್ತದೆ.

ಇದನ್ನು ಮೀನುಗಾರರಿಗೆ ನಾವು ಬಿಡಿಸಿ ಹೇಳಬೇಕಿಲ್ಲ. ಪ್ರಖರ ದೀಪ ಹೊತ್ತಿಸಿ ಮೀನು ಸೆಳೆಯುವ ಬೆಳಕು ಮೀನುಗಾರಿಕೆಯಿಂದ ಮರಿಮೀನೂ ಉಳಿಯದೆಂದು ನಾಡದೋಣಿಯವರು ಪ್ರತಿಭಟಿಸಿದ್ದಾರೆ. ಕೇಂದ್ರ ಸರ್ಕಾರ 2017ರಲ್ಲಿ ಅದನ್ನು ನಿಷೇಧಿಸಿತು. ಆಮೆ ಮೊಟ್ಟೆಯಿಟ್ಟ ಸುದ್ದಿಯನ್ನು ಅರಣ್ಯ ಇಲಾಖೆಗೆ ಮುಟ್ಟಿಸುವವರಲ್ಲೂ ಮೀನುಗಾರರಿದ್ದಾರೆ. ಆದ್ದರಿಂದ ಆಮೆಯ ಹೆಸರು ಹೇಳಿ ಮೊದಲು ಅವರ ಅಂಗಳದ ಬಲ್ಬು ಆರಿಸುವುದು ಅನ್ಯಾಯ. ನಸುಕಿನಲ್ಲಿ ದೋಣಿ ಇಳಿಸುವವರಿಗೆ, ಬುಟ್ಟಿ ಹೊತ್ತು ನಡೆಯುವ ಹೆಂಗಸರಿಗೆ ದಾರಿಯ ಬೆಳಕು ಬೇಕೇ ಬೇಕು. ಯಾರೂ ಇಲ್ಲದ ಮರಳಿನ ಮೇಲೆ ಸುರಿಯುವ ಬೆಳಕು ಯಾರಿಗೆ ಬೇಕು? ಕಣ್ಣಿಗೆ ರಾಚುವ ದೀಪದಿಂದ ರಕ್ಷಣೆಯೂ ಸಿಗದು. ಅದರಾಚೆ ಕತ್ತಲಲ್ಲಿ ನಿಂತವನು ಕಾಣುವುದೇ ಇಲ್ಲ.

ಮಾಡಬೇಕಾದ್ದು ದೊಡ್ಡದೇನಲ್ಲ. ದೀಪಕ್ಕೆ ಮುಚ್ಚಿಗೆ ಹಾಕಿ ಬೆಳಕು ನೆಲಕ್ಕಷ್ಟೇ ಬೀಳುವಂತೆ ಮಾಡಬಹುದು. ಬಿಳಿ ಎಲ್‌ಇಡಿ ತೆಗೆದು ಮಂದವಾದ ಕೆಂಪು ಹಳದಿ ದೀಪ ಹಾಕಬಹುದು. ಕಡಲ ಕಡೆಯ ಕಿಟಕಿಗೆ ಪರದೆ ಎಳೆಯಬಹುದು, ಜನ ಹೋದ ಮೇಲೆ ಸ್ವಿಚ್ಚು ಆರಿಸಬಹುದು. ಒಡಿಶಾದ ಗಹಿರ್‌ಮಾಥಾ ಬಳಿ ಈಗ ಅಬ್ದುಲ್ ಕಲಾಂ ಹೆಸರಿರುವ ದ್ವೀಪದಲ್ಲಿ ಕ್ಷಿಪಣಿ ಪರೀಕ್ಷಾ ಕೇಂದ್ರವಿದೆ. ಆಮೆಗಳ ಕಾಲದಲ್ಲಿ ಅಲ್ಲಿಯೂ ದೀಪಗಳಿಗೆ ಮರೆ ಕಟ್ಟುತ್ತಾರೆ. ದೇಶ ಕಾಯುವವರಿಗೆ ಆಗುವುದು ಹೋಟೆಲಿನವರಿಗೆ ಯಾಕಾಗದು?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಆಮೆಯನ್ನೂ ಹುಲಿಯನ್ನೂ ಒಂದೇ ಮೊದಲ ಅನುಸೂಚಿಯಲ್ಲಿಟ್ಟಿದೆ. ಮೊಟ್ಟೆ ಕದ್ದವನನ್ನು ಕಾಯ್ದೆ ಹಿಡಿದೀತು. ದೀಪ ಉರಿಸಿದವನ ಮನೆಗೆ ಅದು ಹೋಗಲಾರದು. ಕಾಸರಕೋಡು, ಪಡುಬಿದ್ರಿ ದಂಡೆಗಳು 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದವು. ಪ್ರವಾಸಿಗರು ಬರಲಿ, ವ್ಯಾಪಾರವೂ ನಡೆಯಲಿ. ಆದರೆ ಮೀನುಗಾರರ ಸಂಘ, ದೇವಸ್ಥಾನದ ಸಮಿತಿ, ಜಮಾತು, ಹೋಟೆಲಿನವರು ವರ್ಷಕ್ಕೊಮ್ಮೆ ಪಂಚಾಯತಿಯಲ್ಲಿ ಒಟ್ಟಿಗೆ ಕೂತು, ಆಮೆ ಬರುವ ತಿಂಗಳುಗಳಲ್ಲಿ ಯಾವ ದೀಪ ಇರಬೇಕು, ಯಾವುದು ಆರಬೇಕು ಎಂದು ತೀರ್ಮಾನಿಸಲಿ. ಆ ಸಭೆಯಲ್ಲಿ ಮೊದಲ ಮಾತು ದಂಡೆಯಲ್ಲಿ ದುಡಿಯುವವರದಾಗಲಿ.